ಕೆಂಪು ನಲ್ಲಿಯ ತಣ್ಣೀರು

ಖತಾರಿನಲ್ಲಿ ನೀರು ಕಾಯಿಸುವ ಹೀಟರ್ ರಿಪೇರಿ ಮಾಡಿ ಮಕ್ಕಳನ್ನು ಓದಿಸಿದವ ನಾನು ಎಂದರೆ, ನಮ್ಮ ಬಂಟ್ವಾಳದ ಹೋಟೆಲಿನ ಬೆಂಚಿನಲ್ಲಿ ಕೂತವರು ಚಹಾ ನೆತ್ತಿಗೇರಿಸಿಕೊಂಡು ನಗುತ್ತಾರೆ. "ಅಲ್ಲ ಹಮೀದಾಕ, ಆ ಬೆಂಕಿಯ ಊರಲ್ಲಿ ಹೀಟರ್ ಯಾರಿಗೆ?" ಎಂದು ಕೇಳುತ್ತಾರೆ. ಅವರ ನಗುವನ್ನು ಅವರೆದುರೇ ನಕಲು ಮಾಡಿ ತೋರಿಸುತ್ತೇನೆ. ಆಮೇಲೆ ಯಾರೂ ಕೇಳುವುದಿಲ್ಲ. ವಯಸ್ಸಾಯಿತು, ಮಂಡಿ ನೋವು ಬಂತು, ತಲೆಯಲ್ಲಿ ಕೂದಲಿಲ್ಲ. ನಾಲಿಗೆ ಮಾತ್ರ ಇಪ್ಪತ್ತೈದರಲ್ಲೇ ನಿಂತುಬಿಟ್ಟಿದೆ.

ಈಗ ನಮ್ಮ ಕಡೆಯ ಹುಡುಗರು ಐ.ಟಿ.ಐ. ಮುಗಿಸಿ ಮತ್ತೆ ಆ ಕಡೆಗೆ ಹೊರಟಿದ್ದಾರೆ. ಕಟ್ಟಡಗಳ ಮೇಂಟೆನೆನ್ಸ್ ಎಂದರೆ ಬೆರಳಲ್ಲಿ ಕೀ ತಿರುಗಿಸುತ್ತಾ ಓಡಾಡುವ ಕೆಲಸವೆಂದು ಅವರ ಲೆಕ್ಕ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಫೋರ್‌ಮನ್ ಆದೆ, ಯಾವಾಗ ಸೂಪರ್‌ವೈಸರ್ ಆದೆ ಎಂಬುದನ್ನು ನನ್ನ ಹೆಂಡತಿ ನೆಂಟರ ಮದುವೆಗಳಲ್ಲಿ ಬೇಕಾದಷ್ಟು ಹೇಳಿದ್ದಾಳೆ. ಇಲ್ಲಿ ಅದು ಬೇಡ.

ಮೊದಲು ನಲ್ಲಿಯ ವಿಷಯ. ದೋಹಾದಲ್ಲಿ ನೀರಿನ ಟ್ಯಾಂಕು ತಾರಸಿಯ ಮೇಲಿರುತ್ತದೆ. ಬೇಸಿಗೆಯ ಬಿಸಿಲು ಅದನ್ನು ಎಷ್ಟು ಕಾಯಿಸುತ್ತದೆ ಎಂದರೆ, ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಅದಕ್ಕೆ ಅಲ್ಲಿನ ಸಂಸಾರಸ್ಥರು ಒಂದು ಉಪಾಯ ಕಂಡುಕೊಂಡಿದ್ದರು. ಬೇಸಿಗೆ ಶುರುವಾದ ಕೂಡಲೇ ಹೀಟರಿನ ಸ್ವಿಚ್ ಆರಿಸಿಬಿಡುವುದು. ಹೀಟರಿನ ಡ್ರಮ್ಮು ಮನೆಯ ಒಳಗೆ, ಎ.ಸಿ.ಯ ತಂಪಿನಲ್ಲಿ ಇರುತ್ತದೆ. ಅದರಲ್ಲಿ ನಿಂತ ನೀರು ಆರಿ ತಣ್ಣಗಾಗುತ್ತದೆ. ಆಗ ಬಿಸಿನೀರಿನ ಕೆಂಪು ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನೀಲಿ ನಲ್ಲಿಯಲ್ಲಿ ಬಿಸಿನೀರು. ಚಳಿಗಾಲ ಬಂದರೆ ಮತ್ತೆ ಉಲ್ಟಾ. ಊರಿನಿಂದ ಹೊಸದಾಗಿ ಬಂದವರು ಸ್ನಾನದ ಮನೆಯಿಂದ ಹಾರಿ ಹೊರಗೆ ಬಂದ ಮೇಲೆಯೇ ಇದನ್ನು ಕಲಿಯುತ್ತಿದ್ದರು. ನಾನು ಟವಲ್ ಇಲ್ಲದೆ ಕಲಿತವನು.

ನಮ್ಮ ಕಂಪನಿಯ ಎಂಜಿನಿಯರ್ ಈಜಿಪ್ಟಿನ ಸಬ್ರಿ ಸಾಹೇಬರು. ಸಬ್ರಿ ಎಂಬ ಹೆಸರಿನಲ್ಲಿ ತಾಳ್ಮೆ ಎಂಬ ಅರ್ಥವಿದೆಯಂತೆ. ಅವರಲ್ಲಿ ತಾಳ್ಮೆ ಇದ್ದದ್ದು ಆ ಹೆಸರಿನಲ್ಲಿ ಮಾತ್ರ. ನಾವು ಅವರನ್ನು ಈಜಿಪ್ಟಿನವರ ರೂಢಿಯಂತೆ 'ಬಶ್ಮುಹಂದಿಸ್' ಎಂದು ಕರೆಯಬೇಕಿತ್ತು, ಎಂಜಿನಿಯರ್ ಸಾಹೇಬರೇ ಎಂದು ಕರೆದ ಹಾಗೆ. ಅರಬ್ಬಿಯಲ್ಲಿ 'ಪ' ಇಲ್ಲ. ಹಾಗಾಗಿ ಅವರ ಬಾಯಲ್ಲಿ ಪವರ್ 'ಬವರ್' ಆಗುತ್ತಿತ್ತು, ಪೈಪ್ 'ಬೈಬ್' ಆಗುತ್ತಿತ್ತು, ಪ್ರಾಬ್ಲಂ ಅಂತೂ ದಿನಕ್ಕೆ ನೂರು ಸಲ 'ಬ್ರಾಬ್ಲಂ' ಆಗುತ್ತಿತ್ತು. ನನಗೆ ಇನ್ನೇನು ಬೇಕು? ಮೂಗಿನಿಂದ ಹೊರಡುವ ಅವರ ಗುಡುಗನ್ನು ನಾನು ಕ್ಯಾಂಪಿನ ಮೆಸ್ಸಿನಲ್ಲಿ ತೆಗೆದರೆ, ನಿದ್ದೆಯಲ್ಲಿದ್ದವರು ಎದ್ದು ಶೂ ಹುಡುಕುತ್ತಿದ್ದರು.

ನನ್ನ ಜೋಡಿ ಹಾಸನದ ರಂಗೇಗೌಡರು. ನನಗಿಂತ ಆರೇಳು ವರ್ಷ ಹಿರಿಯರು, ಮೀಸೆ ಮತ್ತು ಹೊಟ್ಟೆ ಎರಡೂ ನನಗಿಂತ ದೊಡ್ಡವು. ಕ್ಯಾಂಪಿನಲ್ಲಿ ನಾವು ಕರಾವಳಿಯವರೆಲ್ಲ ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಮಾತು ಮುಗಿಸುತ್ತಿದ್ದೆವು. ಗೌಡರಿಗೆ ಎರಡೂ ಬಾರದು. ಹಾಗಾಗಿ ಅವರ ಜೊತೆ ಕೆಲಸ ಮಾಡುವಾಗ ಮಾತ್ರ ಕನ್ನಡ. ಅವರು ನನ್ನನ್ನು 'ಸಾಬ್ರೇ' ಎನ್ನುತ್ತಿದ್ದರು, ನಾನು ಅವರನ್ನು 'ಗೌಡ್ರೇ' ಎನ್ನುತ್ತಿದ್ದೆ. ಕೆಲಸದ ಮಾತುಗಳಲ್ಲಿ ಹಿಂದಿ ಬೆರೆಯುತ್ತಿತ್ತು. ಕರೆಂಟು ಹಾಕಿದರೆ 'ಚಾಲೂ', ತೆಗೆದರೆ 'ಬಂದ್'. ಪಾಕಿಸ್ತಾನಿಗಳು, ನೇಪಾಳಿಗಳು, ಮಲಯಾಳಿಗಳು ಎಲ್ಲರೂ ಅದನ್ನೇ ಹೇಳುತ್ತಿದ್ದರು. ಊರಿನಲ್ಲಿ 'ಆರಿಸ್ದೆ' ಎನ್ನುತ್ತಿದ್ದ ಗೌಡರಿಗೆ 'ಬಂದ್' ಎನ್ನಲು ಕಲಿಸಿದ್ದು ನಾನೇ. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೂ ಉಂಟು.

ಒಂದು ಜುಲೈ ತಿಂಗಳು. ಐನ್ ಖಾಲಿದ್‌ನಲ್ಲಿ ಹೊಸದಾಗಿ ಎದ್ದ ನಾಲ್ಕು ಮನೆಗಳ ಸಾಲಿನ ಒಂದು ಮನೆಯಿಂದ ಕಂಪ್ಲೇಂಟು ಬಂತು. ಕರೆಂಟ್ ಬಿಲ್ ವಿಪರೀತ ಬರುತ್ತಿದೆ ಎಂದು. ಮಾಲೀಕರ ಪರವಾಗಿ ಆ ಮನೆಗಳನ್ನು ನೋಡಿಕೊಳ್ಳುತ್ತಿದ್ದವರು ಕಾಸರಗೋಡಿನ ಅಬೂಕ. ನಮ್ಮನ್ನು ಕಳಿಸುವಾಗಲೇ ತೀರ್ಪು ಕೊಟ್ಟುಬಿಟ್ಟಿದ್ದರು. "ಅಲ್ಲಿ ಎಂತದೂ ಇಲ್ಲ ಹಮೀದೇ. ಊರಿಂದ ಹೆಂಡತಿ ಬಂದಿದ್ದಾಳೆ. ಅವಳು ಇಡೀ ದಿನ ಎ.ಸಿ. ಹಾಕಿ ಮಲಗುದು. ನಾನು ಗಂಡನಿಗೂ ಹೇಳಿದ್ದೇನೆ. ನೀನು ಸುಮ್ಮನೆ ಹೋಗಿ ಮುಖ ತೋರಿಸಿ ಬಾ."

ಆ ಗಂಡ ಶಿರ್ವದ ಗ್ರೆಗರಿ, ಒಂದು ಆಫೀಸಿನಲ್ಲಿ ಗುಮಾಸ್ತರು. ಮದುವೆಯಾಗಿ ನಾಲ್ಕು ವರ್ಷ, ಒಟ್ಟಿಗೆ ಇದ್ದದ್ದು ಮೂರು ರಜೆ. ಹೇಗೋ ಫ್ಯಾಮಿಲಿ ವೀಸಾ ಮಾಡಿಸಿ ಹೆಂಡತಿ ಲೀನಾ ಬಾಯಿಯನ್ನೂ ಎಂಟು ತಿಂಗಳ ಮಗಳನ್ನೂ ಮಾರ್ಚಿನಲ್ಲಿ ಕರೆಸಿಕೊಂಡಿದ್ದರು. ನಾವು ಹೋದಾಗ ಅವರು ಆಫೀಸಿಗೆ ಹೊರಟು ಟೈ ಕಟ್ಟುತ್ತಿದ್ದರು.

"ನೀವೇ ಹೇಳಿ ಹಮೀದ್‌ಭಾಯಿ, ನಾವು ಎಂತ ಕರೆಂಟು ತಿನ್ನುದಾ?" ಎಂದರು. "ಅರ್ಧ ಸಂಬಳ ಮೀಟರಿಗೆ ಹೋಗ್ತದೆ. ಹೊಸ ಮನೆ, ಹೊಸ ಮನೆ ಅಂತ ಕುಣಿದು ಬಂದದ್ದಕ್ಕೆ ಆಯ್ತು. ಭಾನುವಾರಕ್ಕೆ ಇವ್ರಿಬ್ಬರಿಗೆ ಟಿಕೆಟ್ ಮಾಡಿದ್ದೇನೆ. ಊರಲ್ಲಿ ಫ್ಯಾನ್ ಸಾಕಾಗ್ತದೆ."

ಟೈಯ ಗಂಟು ಬಿಗಿಯುತ್ತಾ, ಹೆಂಡತಿಯ ಕಡೆ ನೋಡದೆ ಈ ಮಾತು ಹೇಳಿದರು. ಲೀನಾ ಬಾಯಿ ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗ್ರೆಗರಿ ಹೋದರು.

ಬಾಗಿಲು ಮುಚ್ಚಿದ ಮೇಲೆ ಆ ಮನೆಯೊಳಗೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಅಂಗಿ ಬೆನ್ನಿಗೆ ಅಂಟಿತ್ತು. ಹೊಸ ಪೇಂಟಿನ ವಾಸನೆ ಸೆಕೆಗೆ ಕರಗಿ ಗಂಟಲಿಗೆ ಇಳಿಯುತ್ತಿತ್ತು. ಇಡೀ ದಿನ ಎ.ಸಿ. ಹಾಕಿ ಮಲಗುವ ಹೆಂಗಸಿನ ಮನೆಯಲ್ಲಿ ಎ.ಸಿ.ಯೇ ಓಡುತ್ತಿರಲಿಲ್ಲ.

"ಎ.ಸಿ. ಯಾಕೆ ಹಾಕಿಲ್ಲ ಬಾಯಿ?" ಎಂದೆ.

"ಅವ್ರು ಬರುವ ಅರ್ಧ ಗಂಟೆ ಮುಂಚೆ ಹಾಕ್ತೇನೆ," ಎಂದರು. "ಮಗು ತುಂಬಾ ಅತ್ತರೆ ಹಾಲ್‌ನದ್ದು ಸ್ವಲ್ಪ. ಆದ್ರೂ ಬಿಲ್ ಹಾಗೇ ಬರ್ತದೆ. ನಾನು ಹಾಕ್ಲೇ ಇಲ್ಲ ಅಂದ್ರೆ ಅವ್ರು ನಂಬುದಿಲ್ಲ."

ಮಗುವಿನ ಕುತ್ತಿಗೆ, ಬೆನ್ನು, ಕಂಕುಳು ಎಲ್ಲ ಬೆವರುಸಾಲೆಯಿಂದ ಕೆಂಪಗಾಗಿತ್ತು. ಗೌಡರು ಅದನ್ನು ನೋಡಿ ಮುಖ ತಿರುಗಿಸಿ, ಟೂಲ್ ಬಾಕ್ಸ್ ತೆರೆದರು. ಅದರಲ್ಲಿ ಏನೂ ಹುಡುಕಲಿಲ್ಲ.

ಹೊಸಬರಿಗೆ ಇಲ್ಲೊಂದು ಮಾತು. ಆಗ ನಮ್ಮ ಹತ್ತಿರ ಈಗಿನಂಥ ಉಪಕರಣಗಳಿರಲಿಲ್ಲ. ತಂತಿಯ ಸುತ್ತ ಹಿಡಿದರೆ ಕರೆಂಟು ಎಷ್ಟು ಓಡುತ್ತಿದೆ ಎಂದು ತೋರಿಸುವ ಕ್ಲ್ಯಾಂಪ್ ಮೀಟರ್ ಇಡೀ ಕಂಪನಿಗೆ ಒಂದೇ. ಅದು ಸಬ್ರಿ ಸಾಹೇಬರ ಡ್ರಾಯರಿನಲ್ಲಿ, ಅವರ ಹೆಂಡತಿಯ ಫೋಟೋದ ಪಕ್ಕದಲ್ಲಿ ಮಲಗಿರುತ್ತಿತ್ತು. ನಮಗೆ ಇದ್ದದ್ದು ಟೆಸ್ಟರ್, ಕಟರ್ ಮತ್ತು ಕಿವಿ. ಹಾಗಾಗಿ ನಮ್ಮ ವಿಧಾನ ಸರಳ. ಮನೆಯ ಒಳಗಿನ ಎಲ್ಲವನ್ನೂ ಆರಿಸಿ, ಹೊರಗೆ ಹೋಗಿ ಮೀಟರ್ ನೋಡುವುದು. ಆ ಕಾಲದ ಮೀಟರಿನಲ್ಲಿ ಅಲ್ಯುಮಿನಿಯಂ ಚಕ್ರವೊಂದು ತಿರುಗುತ್ತಿತ್ತು. ಬಳಕೆ ಇಲ್ಲ ಎಂದರೆ ಅದು ನಿಲ್ಲಬೇಕು.

ಫ್ರಿಜ್ಜಿನವರೆಗೆ ಎಲ್ಲ ಆರಿಸಿದೆವು. ಮನೆಯ ಮೇನ್ ಸ್ವಿಚ್ಚನ್ನೂ ಕೆಳಗೆಳೆದೆವು. ಮೀಟರುಗಳು ಕಾಂಪೌಂಡಿನ ಮೂಲೆಯ ಪ್ಯಾನೆಲ್ ರೂಮಿನಲ್ಲಿದ್ದವು, ಸ್ನಾನದ ಮನೆಯ ಗೋಡೆಗೆ ತಾಗಿಕೊಂಡೇ. ಗೌಡರು ಹೋಗಿ ನೋಡಿ, ಸ್ನಾನದ ಮನೆಯ ಗಾಳಿಕಿಂಡಿಯ ಹತ್ತಿರ ಬಂದು ಕೂಗಿದರು.

"ಸಾಬ್ರೇ, ಚಕ್ರ ಓಡ್ತಾನೇ ಅದೆ. ಸುಮ್ನೆ ಅಲ್ಲ, ದೆವ್ವ ಮೆಟ್ಕಂಡಂಗೆ ಓಡ್ತಾ ಅದೆ."

ಆರಿದ ಮನೆ, ಓಡುವ ಮೀಟರ್. ನನ್ನ ತಲೆಗೂದಲು (ಆಗ ಇತ್ತು) ಸ್ವಲ್ಪ ಎದ್ದು ನಿಂತಿತು. ಪಕ್ಕದ ಮನೆಯವರು ಕದಿಯುತ್ತಿದ್ದಾರೋ? ತಂತಿ ಎಲ್ಲಾದರೂ ನೆಲಕ್ಕೆ ತಾಗುತ್ತಿದೆಯೋ? ನಾನು ಹಾಗೆ ಯೋಚಿಸುತ್ತಿರುವಾಗ ಲೀನಾ ಬಾಯಿ ಅಡುಗೆಮನೆಯಿಂದ ಒಂದು ಪಾತ್ರೆ ತಂದರು. ಫ್ರಿಜ್ಜಿನಲ್ಲಿ ಇಟ್ಟಿದ್ದ ನೀರು.

"ಕರೆಂಟು ಸ್ವಲ್ಪ ಹೊತ್ತು ಇಲ್ಲ ಅಲ್ವಾ? ಇದ್ರಲ್ಲೇ ಮಗುವಿಗೆ ಸ್ನಾನ ಮಾಡಿಸಿಬಿಡ್ತೇನೆ," ಎಂದರು.

"ಫ್ರಿಜ್ಜಿನ ನೀರು ಯಾಕೆ? ಕೆಂಪು ನಲ್ಲಿ ಇಲ್ವಾ?"

"ಬೇರೆಯವರ ಮನೆಗಳಲ್ಲಿ ಕೆಂಪು ನಲ್ಲಿಯಲ್ಲಿ ತಣ್ಣೀರು ಬರ್ತದಂತೆ. ನಮ್ಮದ್ರಲ್ಲಿ ನೀಲಿ ಸುಡ್ತದೆ, ಕೆಂಪು ಅಂತೂ ಕುದೀತದೆ. ನಾನು ಅದನ್ನು ತೆರೆಯುದನ್ನೇ ಬಿಟ್ಟಿದ್ದೇನೆ."

"ಹೀಟರ್ ಆಫ್ ಮಾಡಿದ್ದೀರಲ್ಲ?"

"ಅಡುಗೆಮನೆ ಹೀಟರ್ ಬಂದ ದಿನದಿಂದ ಆಫ್."

ಅಡುಗೆಮನೆಗೆ ಹೋಗಿ ಅಲ್ಲಿನ ಹೀಟರಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಹಾಗಾದರೆ ಸ್ನಾನದ ಮನೆಯ ಕೆಂಪು ನಲ್ಲಿಗೆ ಕುದಿಯುವ ನೀರು ಎಲ್ಲಿಂದ? ಸ್ನಾನದ ಮನೆಗೆ ಓಡಿ ಮೇಲೆ ನೋಡಿದೆ. ನಾಲ್ಕು ತಿಂಗಳ ಹೊಸ ಮನೆಯ ಬಿಳಿ ಫಾಲ್ಸ್ ಸೀಲಿಂಗಿನಲ್ಲಿ, ಮಗುವಿನ ಪ್ಲಾಸ್ಟಿಕ್ ಟಬ್ಬಿನ ನೇರ ಮೇಲೆ, ಚಹಾ ಚೆಲ್ಲಿದ ಹಾಗೆ ಒಂದು ಕಂದು ಕಲೆ. ಉಸಿರು ಹಿಡಿದು ಕೇಳಿದೆ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಗುನುಗುತ್ತದಲ್ಲ, ಆ ಸದ್ದು.

ಏಣಿ ಹಾಕಿ ಒಂದು ಹಲಗೆ ಎತ್ತಿದೆ. ಮುಖಕ್ಕೆ ಹಬೆ ಹೊಡೆಯಿತು. ಟಾರ್ಚ್ ಬಿಟ್ಟೆ. ಅಲ್ಲಿ ಒಂದು ಹೀಟರ್ ಅಡ್ಡ ಮಲಗಿತ್ತು. ಮನೆಯವರಿಗೆ ಗೊತ್ತಿಲ್ಲದ, ಸ್ವಿಚ್ಚೇ ಇಲ್ಲದ ಹೀಟರ್. ಕಟ್ಟುವಾಗ ಯಾರೋ ಪರೀಕ್ಷೆ ಮಾಡಲೆಂದು ಮೀಟರಿನಿಂದ ನೇರವಾಗಿ ತಂತಿ ಎಳೆದು, ಟೇಪು ಸುತ್ತಿ, ಹಾಗೆಯೇ ಬಿಟ್ಟು ಹಲಗೆ ಮುಚ್ಚಿ ಹೋಗಿದ್ದರು. ಬಿಸಿಯಾದಾಗ ತಾನಾಗಿ ನಿಲ್ಲಿಸಬೇಕಾದ ಥರ್ಮೋಸ್ಟ್ಯಾಟಿಗೆ ಅಡ್ಡ ತಂತಿ ಕೊಟ್ಟು ಅದರ ಬಾಯಿ ಮುಚ್ಚಿದ್ದರು. ಹಬೆ ಹೆಚ್ಚಾದರೆ ಹೊರಬಿಡುವ ಸೇಫ್ಟಿ ವಾಲ್ವಿನ ಬಾಯಿಗೆ ಬಿರಡೆ ಜಡಿದಿತ್ತು. ಸುತ್ತಿದ ಟೇಪು ಕರಗಿ ಜೋತು ಬಿದ್ದಿತ್ತು. ಡ್ರಮ್ಮಿನ ಒಂದು ಕಡೆಯ ತಗಡು ಉಬ್ಬಿತ್ತು.

ನಾನು ಎಲ್ಲರ ದನಿಯನ್ನೂ ತೆಗೆಯಬಲ್ಲವ. ಆ ಗಳಿಗೆ ನನ್ನದೇ ದನಿ ಹೊರಡಲಿಲ್ಲ.

ಏಣಿಯಿಂದ ಇಳಿದು ಕೆಂಪು ನಲ್ಲಿಯನ್ನು ದೂರದಿಂದ ತಿರುಗಿಸಿದೆ, ಒತ್ತಡ ಇಳಿಯಲಿ ಎಂದು. ಫುಸ್ ಎಂದು ಹಬೆ ಉಗುಳಿ, ಕಂದು ಸಿಮೆಂಟಿನ ಕಸ ಸಿಕ್ಕಿ ನಿಂತುಹೋಯಿತು.

"ಬಾಯಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ."

"ಎಲ್ಲಿಗೆ ಹೋಗುದು? ಪಕ್ಕದ ಮನೆಗೆ ಬೀಗ. ಆಚೆ ಮನೆಯವರು ಬಾಗಿಲು ತೆಗೆಯುದಿಲ್ಲ. ಹೊರಗೆ ನಲ್ವತ್ತೈದು ಡಿಗ್ರಿ, ಹಮೀದಣ್ಣ."

ಆಗ ಹಾಲಿನ ಆ ತುದಿಯಲ್ಲಿ, ಮುಂಬಾಗಿಲ ಹತ್ತಿರ ಕೂರಲು ಹೇಳಿದೆ. ಏನಾದರೂ ಸದ್ದಾದರೆ ಹೊರಗೆ ಓಡಬೇಕು ಎಂದೆ.

ಇನ್ನು ಕರೆಂಟು. ಆ ತಂತಿ ಮನೆಯ ಮೇನ್ ಸ್ವಿಚ್ಚಿಗಿಂತ ಮುಂಚೆಯೇ ಕವಲೊಡೆದಿತ್ತು. ಅದನ್ನು ಸಾಯಿಸಬೇಕಾದರೆ ಪ್ಯಾನೆಲ್ ರೂಮಿನ ದೊಡ್ಡ ಸ್ವಿಚ್ ಇಳಿಸಬೇಕು. ಅದು ನಾಲ್ಕು ಮನೆಗೂ ಒಂದೇ. ಅಲ್ಲಿ ಕೂತಿದ್ದ ವಾಚ್‌ಮನ್, ಅಬೂಕ ಹೇಳದೆ ಮುಟ್ಟಲು ಬಿಡುವುದಿಲ್ಲ ಎಂದು ಗೌಡರಿಗೆ ಅಡ್ಡ ನಿಂತ. ನಾನು ಗ್ರೆಗರಿಯವರ ಮನೆಯ ಫೋನಿನಿಂದ ಅಬೂಕನಿಗೆ ಮಾಡಿದೆ. ವಾಚ್‌ಮನ್ ಹತ್ತಿರವೂ ಒಂದು ಫೋನ್ ಇತ್ತು, ಅಬೂಕ ಅದಕ್ಕೆ ಮಾಡಿ ಒಂದು ಮಾತು ಹೇಳಿದರೆ ಸಾಕಿತ್ತು.

"ನಾಲ್ಕು ಮನೆ ಕರೆಂಟ್ ತೆಗೆಯುದಾ? ಮಾಫಿ, ಆಗುದೇ ಇಲ್ಲ!" ಎಂದರು ಅಬೂಕ. "ಈ ಬಿಸಿಲಲ್ಲಿ ಎಲ್ಲರೂ ನನ್ನ ತಲೆ ತಿಂತಾರೆ. ನಾಳೆ ಬೆಳಿಗ್ಗೆ ನೋಡುವ." ಫೋನ್ ಇಟ್ಟರು.

ತಲೆಯ ಮೇಲೆ ಕುಕ್ಕರ್ ಗುನುಗುತ್ತಿತ್ತು. ಮತ್ತೆ ನಂಬರ್ ತಿರುಗಿಸಿದೆ. ಮೂಗು ಬಿಗಿ ಹಿಡಿದೆ. ಎದೆಯಿಂದ ಸಬ್ರಿ ಸಾಹೇಬರನ್ನು ಎತ್ತಿದೆ.

"ಅಬೂಬಕರ್! ಬವರ್ ಆಫ್, ಐನ್ ಖಾಲಿದ್! ಬಿಗ್ ಬ್ರಾಬ್ಲಂ! ಯಲ್ಲಾ, ಯಲ್ಲಾ!"

ಆ ಕಡೆ ಕಪ್ಪೊಂದು ಬಸಿಗೆ ತಾಗಿದ ಸದ್ದು. ಆಮೇಲೆ ಅಬೂಕ, ದೆವ್ವ ಕಂಡವರ ದನಿಯಲ್ಲಿ, ಬೇರೆ ಯಾರಿಗೋ ಹೇಳಿದ್ದು ಕೇಳಿಸಿತು. "ಸರ್... ಫೋನಲ್ಲಿ ನೀವೇ ಇದ್ದೀರಿ ಸರ್."

ಸಬ್ರಿ ಸಾಹೇಬರು ಅಬೂಕನ ಎದುರಿಗೇ ಕೂತು ಸುಲೈಮಾನಿ ಚಹಾ ಕುಡಿಯುತ್ತಿದ್ದರು.

ರಿಸೀವರ್ ಕೈ ಬದಲಾಯಿತು. "ವಿಚ್ ಬಶ್ಮುಹಂದಿಸ್ ಈಸ್ ಸ್ಬೀಕಿಂಗ್?"

ಅಲ್ಲಿಗೆ ನನ್ನ ವೀಸಾ, ನನ್ನ ಕೆಲಸ, ತಂಗಿಯ ಮದುವೆ ಎಲ್ಲ ಕಣ್ಣೆದುರು ಬಂದು ಸಾಲಾಗಿ ನಿಂತವು. ಸ್ವಂತ ದನಿಯಲ್ಲಿ ಹೇಳಿದೆ. ಹೀಟರ್, ವಾಲ್ವ್‌ಗೆ ಬಿರಡೆ, ಉಬ್ಬಿದ ತಗಡು, ಕೆಳಗೆ ಮಗು.

"ಇಟ್ ಈಸ್ ಟ್ರೂ?"

"ಟ್ರೂ, ಬಶ್ಮುಹಂದಿಸ್."

"ಬವರ್ ಆಫ್. ಐ ಆಮ್ ಕಮಿಂಗ್. ಫಸ್ಟ್ ಹೀಟರ್, ದೆನ್ ಐ ಕಿಲ್ ಯು."

ವಾಚ್‌ಮನ್‌ಗೆ ಅಪ್ಪಣೆ ಹೋಯಿತು. ಗಾಳಿಕಿಂಡಿಯಿಂದ ಗೌಡರ ದನಿ ಬಂತು. "ಬಂದಾಯ್ತು ಸಾಬ್ರೇ!" ಬಂದ್ ಆಯ್ತು ಎಂದರ್ಥ. ಏಣಿ ಹತ್ತಿ ಜೋಡಣೆಯ ಮೇಲೆ ಟೆಸ್ಟರ್ ಇಟ್ಟೆ. ದೀಪ ಹತ್ತಲಿಲ್ಲ. ತಂತಿ ಸತ್ತಿತ್ತು. ಆದರೆ ತಂತಿಯ ಬುಡ ಡ್ರಮ್ಮಿನ ಹಿಂದೆ, ಕೈ ಹೋಗದ ಜಾಗದಲ್ಲಿತ್ತು. ಚಿಕ್ಕ ಕಟರ್ ಸಾಲದು. ಇಳಿದು, ದೊಡ್ಡ ಕಟರ್ ಹುಡುಕಿ, ಮತ್ತೆ ಹತ್ತಿದೆ.

ಹಾಲಿನಲ್ಲಿ ಮಗು ಅಳುತ್ತಿತ್ತು. ನಾವು ಮೊದಲು ಪರೀಕ್ಷೆಗೆಂದು ಇಳಿಸಿದ್ದ ಮನೆಯ ಮೇನ್ ಸ್ವಿಚ್ಚನ್ನು ನಾನೇ ಮತ್ತೆ ಎತ್ತಿಟ್ಟಿದ್ದೆ, ಪಾಪ, ಮಗುವಿಗೆ ಸ್ವಲ್ಪ ಎ.ಸಿ. ಇರಲಿ ಎಂದು. ಈಗ ದೊಡ್ಡ ಸ್ವಿಚ್ಚೇ ಇಳಿದ ಕಾರಣ ಆ ಎ.ಸಿ.ಯೂ ನಿಂತು, ಅಳು ಕಿರಿಚಾಟಕ್ಕೆ ಏರಿತ್ತು. ಹೊರಗೆ ಬೇರೆಯದೇ ಗಲಾಟೆ. ಆಚೆ ಮನೆಯವರು ಎ.ಸಿ. ಹೋಯಿತೆಂದು ಪ್ಯಾನೆಲ್ ರೂಮಿಗೆ ಬಂದು ಅರಬ್ಬಿಯಲ್ಲಿ ವಾಚ್‌ಮನ್ ಮೇಲೆ ಹಾರಾಡುತ್ತಿದ್ದರು. ಗೌಡರು ಹಾಸನದ ಕನ್ನಡದಲ್ಲಿ ಅವರಿಗೆ ಬುದ್ಧಿ ಹೇಳುತ್ತಿದ್ದರು. ನಾನು ಡ್ರಮ್ಮಿನ ಹಿಂದೆ ಕೈ ತೂರಿಸಿದೆ. ಕರಗಿದ ಟೇಪಿನ ಕೆಳಗೆ ಬರಿಯ ತಾಮ್ರ. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕತ್ತರಿಸಬೇಕು. ಮೊಣಕೈ ಒದ್ದೆ ಹಲಗೆಯ ಮೇಲೆ ಊರಿತ್ತು.

"ಬಂದಾಯ್ತು!" ಗೌಡರು ಮತ್ತೆ ಕೂಗಿದರು. "ಸಾಬ್ರೇ, ಬಂದಾಯ್ತು! ಬಂದಾಯ್ತು!"

"ಗೊತ್ತಾಯ್ತು ಮಾರಾಯ್ರೆ, ಒಂದ್ಸಲ ಹೇಳಿದ್ರೆ ಸಾಕು!" ಎಂದೆ. ಮಗುವೂ ಅಳು ನಿಲ್ಲಿಸಿತು. ಸದ್ಯ ನಿದ್ದೆ ಬಂತು ಎಂದುಕೊಂಡು ಎಡಗೈ ಚಾಚಿದೆ.

"ಹಮೀದಣ್ಣ, ಮುಟ್ಬೇಡಿ!"

ಲೀನಾ ಬಾಯಿಯ ಕೂಗು ಹಾಲಿನಿಂದ ಹೇಗೆ ಬಂತೆಂದರೆ, ನನ್ನ ಕೈ ಗಾಳಿಯಲ್ಲೇ ನಿಂತಿತು. ಅವರು ಮಗುವನ್ನು ಎದೆಗೊತ್ತಿಕೊಂಡು ಸ್ನಾನದ ಮನೆಯ ಬಾಗಿಲಿಗೆ ಓಡಿ ಬಂದಿದ್ದರು. "ಇವಳು ಸುಮ್ಮನಾದ್ಳು! ಎ.ಸಿ. ಬಾರದೆ ಇವಳು ಸುಮ್ಮನಾಗುದೇ ಇಲ್ಲ. ಹಾಲಲ್ಲಿ ಎ.ಸಿ. ಬಂದಿದೆ, ಕರೆಂಟ್ ಬಂದಿದೆ!"

ಟೆಸ್ಟರ್ ಇಟ್ಟೆ. ಕೆಂಪು ದೀಪ ಕಣ್ಣು ಬಿಟ್ಟಿತು. ನನ್ನ ಬೆರಳಿಗೂ ಆ ತಾಮ್ರಕ್ಕೂ ನಡುವೆ ಒಂದು ಬೀಡಿಯಷ್ಟು ಜಾಗ ಇತ್ತು.

ನಡೆದದ್ದು ಇಷ್ಟು. ಬೈಗುಳಕ್ಕೆ ಹೆದರಿದ ವಾಚ್‌ಮನ್ ಸ್ವಿಚ್ ಎತ್ತಿಬಿಟ್ಟಿದ್ದ. ಗೌಡರು ಗಾಬರಿಯಿಂದ ನನ್ನನ್ನು ಎಚ್ಚರಿಸಿದ್ದರು, ಕರೆಂಟು ಬಂದಾಯ್ತು ಎಂದು. ಬಂದ್ ಆಯ್ತು ಎಂದರೂ ಅದೇ ಸದ್ದು, ಬಂದಾಯ್ತು ಎಂದರೂ ಅದೇ ಸದ್ದು. ಬರೆದರೆ ನಡುವೆ ಒಂದು ಜಾಗ ಇರುತ್ತದೆ. ಗೋಡೆಯಾಚೆಯಿಂದ ಕೂಗಿದರೆ ಆ ಜಾಗ ಇರುವುದಿಲ್ಲ. ತುಳುವಿನಲ್ಲಿ ಹೇಳಿದ್ದರೆ ಅರ್ಥವಾಗುತ್ತಿತ್ತು, ಮಲಯಾಳದಲ್ಲಿ, ಹಿಂದಿಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಹಿಂದಿಯ ಬಂದ್ ಅನ್ನು ಕನ್ನಡದ ಬಾಯಿಗೆ ಹಾಕಿಕೊಂಡ ನಮ್ಮಿಬ್ಬರಿಗೆ ಮಾತ್ರ ಅದು ಸಾವಿನ ಮಾತಾಗಬಹುದಿತ್ತು. ಅಂದಿನಿಂದ ನಮ್ಮ ಗುಂಪಿನಲ್ಲಿ ಆ ಪದವನ್ನೇ ಬಂದ್ ಮಾಡಿದೆವು. ತೆಗೆದರೆ 'ಖಲಾಸ್', ಹಾಕಿದರೆ 'ಚಾಲೂ'. ಮತ್ತು ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ಏಣಿ ಹತ್ತುವವನ ಜೇಬಿನಲ್ಲಿ. ಈಗ ನಿಮಗೆ ಇದನ್ನು ಟ್ರೈನಿಂಗಿನಲ್ಲಿ ಬಣ್ಣದ ಚಿತ್ರ ಹಾಕಿ ಕಲಿಸುತ್ತಾರೆ. ನಿದ್ದೆ ಮಾಡದೆ ಕೇಳಿ.

ಗೌಡರು ಈ ಸಲ ಬಾಯಿ ಬಿಡಲಿಲ್ಲ. ವಾಚ್‌ಮನ್‌ನನ್ನು ಎತ್ತಿ ಬದಿಗಿಟ್ಟು, ಸ್ವಿಚ್ ಇಳಿಸಿ, ಅದರ ಮುಂದೆ ತಮ್ಮ ಇಡೀ ಹೊಟ್ಟೆಯನ್ನು ನಿಲ್ಲಿಸಿದರು. ಟೆಸ್ಟರ್ ಇಟ್ಟು, ಮತ್ತೊಮ್ಮೆ ಇಟ್ಟು, ತಂತಿ ಕತ್ತರಿಸಿದೆ. ಗುನುಗು ನಿಧಾನವಾಗಿ ಇಳಿದು ನಿಂತಿತು.

ಸಬ್ರಿ ಸಾಹೇಬರು ಅಬೂಕನ ಜೊತೆ ಬಂದರು. ಕೋಟು ಹಾಕಿಕೊಂಡೇ ಏಣಿ ಹತ್ತಿದರು, ಬೆವರಿ ಇಳಿದರು. ಅಬೂಕ ಕೈ ಉಜ್ಜುತ್ತಾ, "ಇಲ್ಲಿ ಖಲಾಸ್ ಆಯ್ತಲ್ಲ ಸರ್. ಬಿಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ಮನೆಯವರು ಎ.ಸಿ. ಹಾಕುದು ಜಾಸ್ತಿ," ಎಂದು ಹಿಂದಿಯಲ್ಲಿ ಶುರು ಮಾಡಿದರು. ಸಾಹೇಬರು ಮಗುವಿನ ಬೆನ್ನಿನ ಬೆವರುಸಾಲೆ ನೋಡಿದರು. ಟಬ್ಬು ನೋಡಿದರು. ಮೇಲಿನ ತೂತು ನೋಡಿದರು.

"ಓಬನ್ ಆಲ್ ಫೋರ್ ಹೌಸ್," ಎಂದರು. "ಎವರಿ ಸೀಲಿಂಗ್. ಟುಡೇ." ಮತ್ತೆರಡು ಮನೆಗಳಲ್ಲಿ ಅಂಥದೇ ಹೀಟರುಗಳು ಸಿಕ್ಕವು. ಒಂದು ಮನೆಯವರು ಆಗಲೇ ಬಿಲ್ ಕಟ್ಟಲಾಗದೆ ಬಿಟ್ಟು ಹೋಗಿದ್ದರು, ಅದೇ ಬೀಗ ಹಾಕಿ ನಿಂತ ಮನೆ.

ಹೊರಡುವಾಗ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಬೆರಳೆತ್ತಿ, "ಹಮೀದ್, ಯು ಮೇಕ್ ಮೀ ವೆರಿ ಬ್ಯಾಡ್," ಎಂದರು. "ಐ ನೆವರ್ ಸೇ 'ಬ್ರಾಬ್ಲಂ'. ಐ ಸೇ 'ಬ್ರಾಬ್ಲಂ'!"

"ಸಾರಿ ಬಶ್ಮುಹಂದಿಸ್," ಎಂದೆ. ಗೌಡರು ಕೆಮ್ಮಿದ ಹಾಗೆ ಮಾಡಿ ಗೋಡೆಯ ಕಡೆ ತಿರುಗಿದರು.

ಗ್ರೆಗರಿ ಆಫೀಸಿನಿಂದ ಬರುವವರೆಗೂ ನಾವು ಅಲ್ಲೇ ಇದ್ದೆವು. ಲೀನಾ ಬಾಯಿ ಹಾಗೆ ಕೇಳಿಕೊಂಡಿದ್ದರು. "ನಾನು ಹೇಳಿದ್ರೆ ಪ್ರಯೋಜನ ಇಲ್ಲ. ನೀವೇ ಹೇಳಿ," ಎಂದಿದ್ದರು. ಗ್ರೆಗರಿ ಬಂದರು. ಹೀಟರ್ ತೋರಿಸಿದೆ, ಕತ್ತರಿಸಿದ ತಂತಿ ತೋರಿಸಿದೆ. ಪ್ಯಾನೆಲ್ ರೂಮಿಗೆ ಕರೆದುಕೊಂಡು ಹೋಗಿ ಮೀಟರ್ ತೋರಿಸಿದೆ. ದೊಡ್ಡ ಸ್ವಿಚ್ಚನ್ನು ಮತ್ತೆ ಎತ್ತಿದ್ದೆವು, ಮನೆಯ ಎಲ್ಲವೂ ಆರಿತ್ತು, ಚಕ್ರ ಅಲುಗಾಡದೆ ನಿಂತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆ ಚಕ್ರ ತಿರುಗಿದ್ದರೇ ಅವರಿಗೆ ಸುಲಭವಾಗುತ್ತಿತ್ತೇನೋ.

ಮನೆಯೊಳಗೆ ಬಂದು, "ಹಾಗಾದ್ರೆ ಟಿಕೆಟ್ ವಾಪಸ್ ಕೊಡ್ತೇನೆ," ಎಂದರು.

"ಕೊಡ್ಬೇಡಿ," ಎಂದರು ಲೀನಾ ಬಾಯಿ.

ಗೌಡರು ಟೂಲ್ ಬಾಕ್ಸಿನ ಹಿಡಿಕೆಯನ್ನು ಹಿಡಿದವರು ಎತ್ತಲಿಲ್ಲ.

"ಅಬೂಕ ಹೇಳಿದ್ದನ್ನು ನಂಬಿದ್ರಿ. ಈಗ ಮೀಟರ್ ಹೇಳಿದ್ದನ್ನು ನಂಬ್ತೀರಿ. ನಾನು ಏಪ್ರಿಲ್‌ನಿಂದ ಹೇಳ್ತಾ ಇದ್ದೇನೆ. ಅಷ್ಟು ವರ್ಷ ಕಾದು ಬಂದವಳು ನಾನು. ಈ ಸೆಕೆಯಲ್ಲಿ ಮಗುವನ್ನು ಬೇಯಿಸಿದೆ, ನಿಮ್ಮ ಹತ್ರ ಇರ್ಬೇಕು ಅಂತ. ಟಿಕೆಟ್ ಇರ್ಲಿ. ಭಾನುವಾರದ ಒಳಗೆ ನಾನು ಯೋಚನೆ ಮಾಡ್ತೇನೆ."

ಲೀನಾ ಬಾಯಿ ಮಗುವನ್ನು ಗಂಡನ ಕೈಗೆ ಕೊಟ್ಟು, ಅದರ ಅಂಗಿ ಎತ್ತಿ ಬೆನ್ನು ತೋರಿಸಿ, ಒಳಗೆ ಹೋದರು. ನಾವಿಬ್ಬರೂ ಮೆಲ್ಲಗೆ ಹೊರಬಿದ್ದೆವು. ದಾರಿಯುದ್ದಕ್ಕೂ ಪಿಕಪ್ಪಿನಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಗೌಡರೇ ಕೊನೆಗೆ, "ಏನಾರ ಮಾತಾಡಿ ಸಾಬ್ರೇ, ಭಯ ಆಯ್ತದೆ," ಎಂದರು.

ಮುಂದಿನ ವಾರ ಮೀಟರ್ ಪರೀಕ್ಷೆಗೆ ಮತ್ತೆ ಹೋಗಬೇಕಿತ್ತು. ಬೇಕೆಂದೇ ಭಾನುವಾರ ಕಳೆದ ಮೇಲೆ ಹೋದೆ. ಬೆಲ್ ಒತ್ತುವಾಗ, ಬಾಗಿಲು ಯಾರು ತೆರೆಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ತೆರೆದದ್ದು ಗ್ರೆಗರಿ, ಒಬ್ಬರೇ. ಒಳಗಿನಿಂದ ಹೊಡೆದ ಗಾಳಿಗೆ ನನ್ನ ಬೆವರು ನಿಂತಲ್ಲೇ ಹೆಪ್ಪುಗಟ್ಟಿತು. ಮನೆಯ ಮೂರೂ ಎ.ಸಿ.ಗಳು ಒಟ್ಟಿಗೆ ಗುಡುಗುತ್ತಿದ್ದವು. ಜುಲೈ ತಿಂಗಳ ನಡುಮಧ್ಯಾಹ್ನ ಗ್ರೆಗರಿ ಊರಿನಿಂದ ತಂದ ಉಣ್ಣೆಯ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಮೂಗಿನ ತುದಿ ಕೆಂಪಾಗಿತ್ತು.

"ಚಳಿ ಆಗ್ತದಾ?" ಒಳಗಿನ ಕೋಣೆಯಿಂದ ಲೀನಾ ಬಾಯಿಯ ದನಿ ಬಂತು.

"ಇಲ್ಲಪ್ಪ, ಇಲ್ಲ," ಎಂದರು ಗ್ರೆಗರಿ, ಸ್ವೆಟರಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುತ್ತಾ.